ಬಲಗೈಯಿಂದ ಎಡಗೈಗೆ: ದಾವಣಗೆರೆಯ ಒಂದು ಹಚ್ಚೆಯ ಪ್ರಕರಣ

ಹಿನ್ನೆಲೆ

ದಾವಣಗೆರೆಯಲ್ಲಿ ಹಚ್ಚೆಯ ಸ್ಟುಡಿಯೊ ನಡೆಸಲು ತೊಡಗಿ ನನಗೆ ಹನ್ನೊಂದು ವರ್ಷಗಳಾದವು. ಈ ಅವಧಿಯಲ್ಲಿ ಹಾಕಿದ ಹಚ್ಚೆಗಳಲ್ಲಿ ಒಂದನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಬರೆಯುತ್ತಿದ್ದೇನೆ. ಸೂಜಿ ಚರ್ಮಕ್ಕೆ ತಾಗುವ ಕೆಲವೇ ನಿಮಿಷಗಳ ಮುಂಚೆ ಒಬ್ಬ ಯುವತಿಯ ನೌಕರಿಯ ದಾರಿಗೆ ನಾವೇ ಅಡ್ಡಿಯಾಗುವುದರಲ್ಲಿದ್ದೆವು, ಅದು ತಪ್ಪಿತು. ಸೂಜಿ ಕೆಳಗಿಟ್ಟ ನಾಲ್ಕನೆಯ ದಿನ ಗಾಯ ಕೆಟ್ಟಿತು, ಅದನ್ನು ತಪ್ಪಿಸಲಾಗಲಿಲ್ಲ. ಎರಡಕ್ಕೂ ನಾವು ಕೇಳದೆ ಬಿಟ್ಟ ಪ್ರಶ್ನೆಗಳೇ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಯುವತಿ ಮತ್ತು ಆಕೆಯ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ, ಗುರುತು ಹತ್ತುವಂಥ ವಿವರಗಳನ್ನು ಕೈಬಿಟ್ಟಿದ್ದೇನೆ.

ಆಕೆಗೆ ಆಗ 21 ವರ್ಷ. ಜಗಳೂರು ಕಡೆಯ ಹಳ್ಳಿಯವಳು. ಪದವಿ ಮುಗಿಸಿ ನಗರದ ಪಿ.ಜಿ. ಒಂದರಲ್ಲಿ ಉಳಿದುಕೊಂಡಿದ್ದಳು. ಆಕೆಗೆ ಬೇಕಾಗಿದ್ದುದು ತನ್ನ ಅಜ್ಜಿಯ ಬಲಗೈಯಲ್ಲಿದ್ದ ಹಚ್ಚೆ, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ. ಅಜ್ಜಿಗೆ ಹನ್ನೆರಡು ವರ್ಷವಿದ್ದಾಗ ಸುಗ್ಗಿ ಮುಗಿದ ಮೇಲೆ ಊರಿಗೆ ಬಂದ ಕೊರವಂಜಿಯೊಬ್ಬಳು ಮೂರು ಸೂಜಿಗಳನ್ನು ದಾರದಿಂದ ಒಟ್ಟಿಗೆ ಕಟ್ಟಿ, ದೀಪದ ಮಸಿಯನ್ನು ಎಲೆಯ ರಸದಲ್ಲಿ ಕಲಸಿ ಚುಚ್ಚಿದ ಹಚ್ಚೆ ಅದು. ಮೇಲೆ ತುಳಸಿ ಕಟ್ಟೆ, ಕೆಳಗೆ ಚೇಳು, ಎರಡೂ ಬದಿಗೆ ಚುಕ್ಕೆಗಳ ಸಾಲು. ಅರವತ್ತು ವರ್ಷಗಳಲ್ಲಿ ಗೆರೆಗಳು ಹರಡಿ, ಬಣ್ಣ ನೀಲಿ ಹಸಿರಿಗೆ ತಿರುಗಿ, ಚೇಳಿನ ಕೊಂಡಿ ಯಾವುದು ಕಾಲು ಯಾವುದು ಎಂದು ತಿಳಿಯದ ಹಾಗಾಗಿತ್ತು. ‘ಒಡವೆ ಎಲ್ಲಾ ಇಲ್ಲೇ ಬಿಚ್ಚಿಟ್ಟು ಹೋಗ್ಬೇಕು, ಜೊತಿಗೆ ಬರೋದು ಇದೊಂದೇ’ ಎಂದು ಅಜ್ಜಿ ಹೇಳುತ್ತಿದ್ದುದನ್ನು ಕೇಳಿಯೇ ಆಕೆ ಬೆಳೆದಿದ್ದಳು. ಆದ್ದರಿಂದ ಆ ಚಿತ್ರದ ಮೇಲೆ ಆಕೆಗಿದ್ದ ಆಸೆ ಇವತ್ತು ನಿನ್ನೆಯದಾಗಿರಲಿಲ್ಲ.

ಸಮಸ್ಯೆ

ಅಜ್ಜಿಯ ಕೈಯ ಫೋಟೊವನ್ನು ಆಕೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದಳು. ಅದನ್ನು ನೋಡಿ ನಮ್ಮ ಸಹಾಯಕ 16 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ನಕ್ಷೆ ಬರೆದಿದ್ದ. ಶ್ರಾವಣದ ಒಂದು ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಆಕೆ ಬಂದಳು. ಹದಿನೆಂಟು ತುಂಬಿರುವುದಕ್ಕೆ ಗುರುತಿನ ಚೀಟಿ ನೋಡಿದೆವು, ಒಪ್ಪಿಗೆ ಪತ್ರ ತುಂಬಿಸಿಕೊಂಡೆವು. ಸಕ್ಕರೆ ಕಾಯಿಲೆ, ಕಾಮಾಲೆ, ಮೂರ್ಛೆ ರೋಗ, ರಕ್ತ ತೆಳುವಾಗುವ ಮಾತ್ರೆ, ಅಲರ್ಜಿ, ಗರ್ಭಿಣಿಯೇ ಎಂಬ ಪ್ರಶ್ನೆಗಳಿಗೆಲ್ಲ ಆಕೆ ‘ಇಲ್ಲ’ ಎಂದು ಬರೆದಳು. ಸಹಾಯಕ ಬಲಗೈಯ ಒಳಬದಿಯ ನವಿರು ತೆಗೆದು, ಚರ್ಮ ಒರೆಸಿ, ನಕ್ಷೆಯ ಗೆರೆಗಳನ್ನು ಚರ್ಮಕ್ಕೆ ಇಳಿಸುವ ಸ್ಟೆನ್ಸಿಲ್ ಅಂಟಿಸಿ ಮುಗಿಸಿದ್ದ. ನೇರಳೆ ಗೆರೆಗಳು ಕೈಮೇಲೆ ಒಣಗುತ್ತಿದ್ದವು.

ನಾನು ಕೈತೊಳೆದುಕೊಂಡು ಕುಳಿತು ರೂಢಿಯಂತೆ ‘ತಿಂಡಿ ಆಯ್ತೇನಮ್ಮ?’ ಎಂದು ಕೇಳಿದೆ.

‘ಇವತ್ತು ಉಪವಾಸ ಅಣ್ಣ. ಬೆಳಗ್ಗೆ ಗ್ರೌಂಡಿಗೆ ಹೋಗಿ ಓಡಿ ಬಂದೆ, ನೀರು ಮಾತ್ರ ಕುಡಿದೀನಿ.’

ಹಸಿದ ಹೊಟ್ಟೆಯಲ್ಲಿ ಹಚ್ಚೆಗೆ ಕುಳಿತವರು ತಲೆಸುತ್ತಿ ಬೀಳುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆ ಕಾರಣವೊಂದೇ ಅಂದಿನ ಕೆಲಸ ನಿಲ್ಲಿಸಲು ಸಾಕಾಗಿತ್ತು. ಆದರೆ ಉಪವಾಸದ ದಿನವೂ ಓಡುವುದೇಕೆ ಎಂಬ ಕುತೂಹಲಕ್ಕೆ ಕೇಳಿದ ಮುಂದಿನ ಪ್ರಶ್ನೆಯಿಂದ ಇಡೀ ಪ್ರಕರಣದ ದಿಕ್ಕು ಬದಲಾಯಿತು. ಆಕೆ ಸಿಬ್ಬಂದಿ ನೇಮಕಾತಿ ಆಯೋಗದ ಕಾನ್‌ಸ್ಟೆಬಲ್ ಜಿ.ಡಿ. (ಜನರಲ್ ಡ್ಯೂಟಿ) ಪರೀಕ್ಷೆಗೆ ಓದುತ್ತಿದ್ದಳು. ಗಡಿ ಭದ್ರತಾ ಪಡೆ, ಸಿ.ಆರ್.ಪಿ.ಎಫ್., ಸಿ.ಐ.ಎಸ್.ಎಫ್. ಮೊದಲಾದ ಪಡೆಗಳಿಗೆ ಆಯ್ಕೆ ನಡೆಯುವ ಈ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದಾದ ಕಾರಣ ನಮ್ಮ ಭಾಗದ ಹಳ್ಳಿಗಳ ಅನೇಕ ಹುಡುಗಿಯರು ಅದಕ್ಕೆ ತಯಾರಿ ನಡೆಸಿದ್ದಾರೆ. ದೈಹಿಕ ಪರೀಕ್ಷೆಯಲ್ಲಿ ಮಹಿಳೆಯರು 1.6 ಕಿ.ಮೀ. ದೂರವನ್ನು ಎಂಟೂವರೆ ನಿಮಿಷದೊಳಗೆ ಓಡಬೇಕು. ಅದಕ್ಕಾಗಿಯೇ ಬೆಳಗಿನ ಓಟ.

ಆ ನೇಮಕಾತಿಯ ಅಧಿಸೂಚನೆಯಲ್ಲಿ ಹಚ್ಚೆಯ ಬಗ್ಗೆ ಸ್ಪಷ್ಟ ನಿಯಮವಿದೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಬದಿಯಲ್ಲಿ ಹಚ್ಚೆಗೆ ಅವಕಾಶವಿದ್ದರೂ ಅದು ಎಡಗೈಗೆ ಮಾತ್ರ ಸೀಮಿತ, ಏಕೆಂದರೆ ಸೆಲ್ಯೂಟ್ ಹೊಡೆಯುವುದು ಬಲಗೈ. ಇಲ್ಲವೇ ಹಸ್ತದ ಹಿಂಬದಿಯಲ್ಲಿರಬಹುದು. ಧಾರ್ಮಿಕ ಚಿಹ್ನೆ ಅಥವಾ ಆಕೃತಿ ಮತ್ತು ಹೆಸರು ಇರಬಹುದು. ಅಳತೆ ಆ ಅಂಗದ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ನಾವು ಚುಚ್ಚಲು ಹೊರಟಿದ್ದ ಹಚ್ಚೆ ಬಲಗೈಯಲ್ಲಿತ್ತು, ಒಳಬದಿಯ ಅರ್ಧಕ್ಕಿಂತ ಹೆಚ್ಚು ಜಾಗ ಆವರಿಸಿತ್ತು, ನಡುವೆ ಚೇಳು ಬೇರೆ. ಮೂರು ಷರತ್ತುಗಳಲ್ಲಿ ಎರಡನ್ನು ಅದು ನೇರವಾಗಿ ಮುರಿಯುತ್ತಿತ್ತು, ಮೂರನೆಯದಕ್ಕೂ ಸಂಶಯ ತರುತ್ತಿತ್ತು. ಆಕೆ ಅಧಿಸೂಚನೆಯಲ್ಲಿ ವಯಸ್ಸು, ಎತ್ತರ, ಪಠ್ಯಕ್ರಮ ನೋಡಿದ್ದಳೇ ಹೊರತು ವೈದ್ಯಕೀಯ ಪರೀಕ್ಷೆಯ ಪುಟಗಳನ್ನು ತೆರೆದಿರಲಿಲ್ಲ. ನಮ್ಮ ಒಪ್ಪಿಗೆ ಪತ್ರದಲ್ಲಂತೂ ನೌಕರಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಓದಬೇಕಾದದ್ದು ಆಕೆ ಎಂದು ಜವಾಬ್ದಾರಿಯನ್ನು ಅವಳ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ವರ್ಷಕ್ಕೆ ನೂರಾರು ಯುವಕ ಯುವತಿಯರ ಕೈ ನೋಡುವವರು ನಾವು. ಆಕೆಗೆ ಇದು ಮೊದಲ ಹಚ್ಚೆ. ಕೇಳಬೇಕಾದವರು ನಾವೇ.

ಕೈಗೊಂಡ ನಿರ್ಧಾರಗಳು

ಸ್ಟೆನ್ಸಿಲನ್ನು ಸ್ಪಿರಿಟ್‌ನಿಂದ ಒರೆಸಿ ತೆಗೆದೆವು. ಆಕೆಗೆ ಬೇಸರವಾಯಿತು. ‘ಹಾಕಿಬಿಡಿ ಅಣ್ಣ, ಸೆಲೆಕ್ಷನ್ ಆದ್ರೆ ಲೇಸರ್‌ನಲ್ಲಿ ತೆಗೆಸಿದ್ರಾಯ್ತು’ ಎಂದಳು. ಈ ಮಾತನ್ನು ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರ ಬಾಯಲ್ಲಿ ಕೇಳುತ್ತೇನೆ, ಆದ್ದರಿಂದ ಆಕೆಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಚ್ಚೆಯ ಶಾಯಿ ಚರ್ಮದ ಮೇಲ್ಪದರದಲ್ಲಿ ನಿಲ್ಲುವುದಿಲ್ಲ. ಆ ಪದರ ಸುಮಾರು ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತಿರುತ್ತದೆ. ಸೂಜಿ ಒಂದರಿಂದ ಎರಡು ಮಿಲಿಮೀಟರ್ ಆಳಕ್ಕೆ ಇಳಿದು ಒಳಪದರದಲ್ಲಿ ಶಾಯಿ ಬಿಡುತ್ತದೆ, ದೇಹದ ರಕ್ಷಕ ಕೋಶಗಳು ಆ ಕಣಗಳನ್ನು ನುಂಗಿ ಅಲ್ಲಿಯೇ ಹಿಡಿದಿಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಇನ್ನೊಂದು ಆ ಕಣವನ್ನು ಎತ್ತಿಕೊಳ್ಳುತ್ತದೆ. ಅಜ್ಜಿಯ ಕೈಯ ಮಸಿ ಅರವತ್ತು ವರ್ಷ ಉಳಿದದ್ದು ಹೀಗೆ. ಲೇಸರ್ ಆ ಕಣಗಳನ್ನು ಒಡೆದು ಪುಡಿಮಾಡುತ್ತದೆ, ಪುಡಿಯನ್ನು ದೇಹವೇ ನಿಧಾನವಾಗಿ ಸಾಗಿಸಬೇಕು. ಆದ್ದರಿಂದ ಒಂದು ಸರದಿಗೂ ಇನ್ನೊಂದಕ್ಕೂ ಆರರಿಂದ ಎಂಟು ವಾರಗಳ ಅಂತರ ಬೇಕು, ಅಂಥ ಹಲವು ಸರದಿಗಳು ಬೇಕು, ಎಲ್ಲ ಮುಗಿದ ಮೇಲೂ ನಮ್ಮ ಗೋಧಿ ಅಥವಾ ಕಪ್ಪು ಮೈಬಣ್ಣದಲ್ಲಿ ಬಿಳಿಚಿದ ಇಲ್ಲವೇ ಕಪ್ಪಾದ ಗುರುತು ಉಳಿಯುವ ಸಂಭವವಿದೆ. ವೈದ್ಯಕೀಯ ಪರೀಕ್ಷೆಯ ಕರೆ ಬಂದ ಮೇಲೆ ಇದಕ್ಕೆಲ್ಲ ಸಮಯ ಎಲ್ಲಿದೆ? ಹಾಕಿಸಿಕೊಂಡದ್ದಕ್ಕಿಂತ ಅನೇಕ ಪಟ್ಟು ಹೆಚ್ಚು ಹಣ ತೆಗೆಸುವುದಕ್ಕೆ ಸುರಿದವರನ್ನು ನಾನು ಬಲ್ಲೆ.

ಒಂದು ವಾರ ಬಿಟ್ಟು, ಅಧಿಸೂಚನೆಯನ್ನು ಪೂರ್ತಿ ಓದಿಕೊಂಡು ಬರುವಂತೆ ತಿಳಿಸಿದೆ. ಅದನ್ನು ಆಕೆ ಮುದ್ರಿಸಿಕೊಂಡೇ ಬಂದಳು. ಇಬ್ಬರೂ ಕುಳಿತು ಅಳತೆ ತೆಗೆದೆವು. ಆಕೆಯ ಮೊಣಕೈ ಮಡಿಕೆಯಿಂದ ಮಣಿಕಟ್ಟಿನವರೆಗೆ 23 ಸೆಂ.ಮೀ., ಒಳಬದಿಯ ಅಗಲ ಸರಾಸರಿ 7 ಸೆಂ.ಮೀ.; ಗುಣಿಸಿದರೆ ಸುಮಾರು 160 ಚದರ ಸೆಂ.ಮೀ., ಅದರ ಕಾಲು ಭಾಗ 40. ಪರೀಕ್ಷಿಸುವ ವೈದ್ಯರು ಕಣ್ಣಳತೆಯಲ್ಲಿ ನೋಡಿದರೂ ಸಂಶಯ ಬರಬಾರದೆಂದು ನಕ್ಷೆಯನ್ನು 7 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲಕ್ಕೆ, ಅಂದರೆ 28 ಚದರ ಸೆಂ.ಮೀ.ಗೆ ಇಳಿಸಿದೆವು. ನಮ್ಮಲ್ಲಿ ದರ ಚದರ ಇಂಚಿನ ಲೆಕ್ಕದಲ್ಲಿರುವುದರಿಂದ ಏಳೂವರೆ ಸಾವಿರದ ಕೆಲಸ ಎರಡು ಸಾವಿರದ ಇನ್ನೂರಕ್ಕೆ ಬಂದು ನಿಂತಿತು. ಇದನ್ನು ಮುಚ್ಚಿಡದೆ ಬರೆಯುವುದಕ್ಕೆ ಕಾರಣವಿದೆ: ದೊಡ್ಡದು ಹಾಕಿಸಿಕೊಳ್ಳಿ ಎನ್ನುವವನ ಲಾಭ ಯಾವುದರಲ್ಲಿದೆ ಎಂಬುದು ಗಿರಾಕಿಗೆ ತಿಳಿದಿರಬೇಕು.

ಅಳತೆ ಇಳಿದಾಗ ಚಿತ್ರವನ್ನೂ ಬದಲಿಸಬೇಕಾಯಿತು. ಚೇಳನ್ನು ಬಿಡುವುದು ಆಕೆಗೆ ಕಷ್ಟವಾಯಿತು, ಅಜ್ಜಿಯ ಕೈಯಲ್ಲಿ ಆಕೆಗೆ ಮೊದಲು ಗುರುತಾಗಿದ್ದೇ ಅದು. ಆದರೆ ಅದು ನಿಯಮದ ಮಾತಿನೊಳಗೆ ಬರುತ್ತದೆಂದು ಧೈರ್ಯವಾಗಿ ಹೇಳಲು ನಮ್ಮಿಬ್ಬರಿಂದಲೂ ಆಗಲಿಲ್ಲ. ಕೊನೆಗೆ ಆಕೆಯೇ ತುಳಸಿ ಕಟ್ಟೆ, ಕೆಳಗೆ ಅಜ್ಜಿಯ ಹೆಸರು, ಬದಿಗೆ ಚುಕ್ಕೆಗಳು ಎಂದು ನಿರ್ಧರಿಸಿದಳು. ಚುಕ್ಕೆಗಳನ್ನು ತೀರ ಒತ್ತಾಗಿ ಇಟ್ಟರೆ ವರ್ಷಗಳು ಕಳೆದಂತೆ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಜ್ಜಿಯ ಕೈಯೇ ಅದಕ್ಕೆ ಸಾಕ್ಷಿ. ಆದ್ದರಿಂದ ಹದಿನೆಂಟು ಚುಕ್ಕೆಗಳನ್ನು ಹತ್ತಕ್ಕೆ ಇಳಿಸಿದೆವು.

ಹೆಸರಿನ ವಿಷಯದಲ್ಲಿ ಎದುರಾದ ತೊಡಕು ಕನ್ನಡದಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಎಲ್ಲರಿಗೂ ಸಂಬಂಧಿಸಿದ್ದು. ಅಜ್ಜಿಯ ಹೆಸರು ‘ಮ್ಮ’ದಲ್ಲಿ ಮುಗಿಯುತ್ತದೆ. ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅದನ್ನು ಟೈಪ್ ಮಾಡಿದಾಗ ಮಾವತ್ತು ಕೆಳಗೆ ಕೂಡದೆ ಪಕ್ಕಕ್ಕೆ ಬಿಡಿಯಾಗಿ ನಿಂತಿತ್ತು. ಎಷ್ಟೋ ತಂತ್ರಾಂಶಗಳು ಕನ್ನಡದ ಒತ್ತಕ್ಷರಗಳನ್ನು ಹೀಗೆಯೇ ಒಡೆದು ಹಾಕುತ್ತವೆ. ಸ್ಟೆನ್ಸಿಲ್ ಮಾಡುವವನಿಗೆ ಕನ್ನಡ ಸರಿಯಾಗಿ ಬಾರದಿದ್ದರೆ ಆ ತಪ್ಪು ಹಾಗೆಯೇ ಕೈಗೆ ಏರುತ್ತದೆ. ಫಾಂಟ್ ಹುಡುಕುತ್ತ ಕುಳಿತಿದ್ದಾಗ ಆಕೆಗೆ ಅಜ್ಜಿಯ ಸ್ತ್ರೀಶಕ್ತಿ ಸಂಘದ ಪುಸ್ತಕ ನೆನಪಾಯಿತು. ಶಾಲೆ ಕಾಣದ ಅಜ್ಜಿ ಸಂಘ ಸೇರಿದ ಮೇಲೆ ಕಲಿತದ್ದು ಸಹಿಯೊಂದನ್ನೇ. ತಂಗಿಯ ಕೈಯಲ್ಲಿ ಆ ಪುಟದ ಫೋಟೊ ತರಿಸಿಕೊಂಡಳು. ಮೊದಲ ಅಕ್ಷರ ದೊಡ್ಡದು, ಕೊನೆಯದು ಗೆರೆಯಿಂದ ಕೆಳಗೆ ಜಾರಿದ್ದು, ಒತ್ತು ಮಾತ್ರ ಗಟ್ಟಿಯಾಗಿ ಊರಿದ್ದು. ಆ ಸಹಿಯನ್ನು ತಿದ್ದದೆ ಹಾಗೆಯೇ ಸ್ಟೆನ್ಸಿಲ್‌ಗೆ ಇಳಿಸಿದೆವು.

ಇನ್ನೊಂದು ಎಚ್ಚರಿಕೆ. ಆಕೆಯ ಕಿವಿಯ ಮೇಲ್ಭಾಗದಲ್ಲಿ ಚುಚ್ಚಿಸಿದ ಜಾಗದ ಪಕ್ಕ ಸಣ್ಣ ಗಂಟೊಂದಿತ್ತು. ಗಾಯದ ಗುರುತು ಉಬ್ಬಿ ಬೆಳೆಯುವ ಕೀಲಾಯ್ಡ್ ಪ್ರವೃತ್ತಿಯಿದ್ದವರಿಗೆ ಹಚ್ಚೆಯ ಗೆರೆಗಳೂ ಹುರಿಯಂತೆ ಉಬ್ಬಬಹುದು. ಎದೆ, ಭುಜ, ಕಿವಿಗಳಲ್ಲಿ ಇದು ಹೆಚ್ಚು, ಮುಂಗೈಯಲ್ಲಿ ಕಡಿಮೆ. ತೋಳಿನ ಬಿ.ಸಿ.ಜಿ. ಚುಚ್ಚುಮದ್ದಿನ ಗುರುತು ಚಪ್ಪಟೆಯಾಗಿತ್ತಾದರೂ ಅದೊಂದನ್ನೇ ನಂಬದೆ ಚರ್ಮರೋಗ ತಜ್ಞರಲ್ಲಿಗೆ ಕಳುಹಿಸಿದೆ. ಅದು ಕೀಲಾಯ್ಡ್ ಅಲ್ಲವೆಂದು ಅವರು ತಿಳಿಸಿದ ಮೇಲೆ ಮುಂದುವರಿದೆವು.

ಆಕೆಯ ತಂದೆಗೆ ಇದ್ದ ಆತಂಕ ಬೇರೆ. ‘ಸೂಜಿಯಿಂದ ಕಾಯಿಲೆ ಅಂಟಲ್ವಾ ಸರ್?’ ಎಂದು ಫೋನಿನಲ್ಲಿ ಕೇಳಿದರು. ಅಂಟುತ್ತದೆ. ಜಾತ್ರೆಯಲ್ಲಿ ಒಂದೇ ಸೂಜಿ, ಒಂದೇ ಬಟ್ಟಲು ಶಾಯಿಯಿಂದ ಸಾಲಾಗಿ ಕುಳಿತವರಿಗೆಲ್ಲ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್.ಐ.ವಿ. ಒಬ್ಬರಿಂದ ಒಬ್ಬರಿಗೆ ದಾಟಬಹುದು. ಆದ್ದರಿಂದ ಕೆಲಸದ ದಿನ ವಿಡಿಯೊ ಕರೆಯಲ್ಲಿ ಅವರಿಗೆ ಎಲ್ಲವನ್ನೂ ತೋರಿಸಿದೆ: ಮೊಹರಾದ ಪೊಟ್ಟಣದಲ್ಲಿದ್ದ ಸೂಜಿಯ ಕಾರ್ಟ್ರಿಜ್, ಅದರ ಮೇಲಿನ ಅವಧಿ ಮುಗಿಯುವ ದಿನಾಂಕ, ಮಗಳ ಎದುರೇ ಅದನ್ನು ಹರಿದು ತೆಗೆದದ್ದು, ಶಾಯಿಯ ಬಾಟಲಿಯ ಮೇಲಿನ ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆ, ಬೆರಳ ತುದಿಯಷ್ಟು ಪುಟ್ಟ ಬಟ್ಟಲಿಗೆ ಬೇಕಾದಷ್ಟೇ ಸುರಿದು, ಉಳಿದದ್ದನ್ನು ಬಾಟಲಿಗೆ ಮರಳಿ ಹಾಕದೆ ಚೆಲ್ಲುವುದು, ಬಳಸಿದ ಸೂಜಿಯನ್ನು ಚುಚ್ಚಿದರೂ ತೂತಾಗದ ಡಬ್ಬಿಗೆ ಹಾಕುವುದು. ಶಾಯಿಯ ಬಗ್ಗೆ ಆತಂಕ ಪಡುವುದು ಸರಿಯೇ. 2025ರ ಆರಂಭದಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವರೇ ಹಚ್ಚೆಯ ಶಾಯಿಯ ಮಾದರಿಗಳಲ್ಲಿ 22 ಬಗೆಯ ಲೋಹಗಳು ಕಂಡುಬಂದಿರುವುದಾಗಿ ತಿಳಿಸಿದ್ದರು. ಯುರೋಪಿನ ಒಕ್ಕೂಟ 2022ರ ಜನವರಿಯಿಂದ ಶಾಯಿಯಲ್ಲಿನ 4,000ಕ್ಕೂ ಹೆಚ್ಚು ರಾಸಾಯನಿಕಗಳಿಗೆ ನಿರ್ಬಂಧ ಹಾಕಿದೆ. ಅಲರ್ಜಿಯ ದೂರು ಹೆಚ್ಚಾಗಿ ಬರುವುದು ಕೆಂಪು ಬಣ್ಣದಿಂದ. ಈಕೆಗೆ ಬೇಕಾಗಿದ್ದುದು ಕಪ್ಪು ಒಂದೇ ಆದ್ದರಿಂದ ಆ ಚಿಂತೆ ಸ್ವಲ್ಪ ಕಡಿಮೆಯಾಯಿತು.

ತಂದೆ ಒಪ್ಪಿದರು. ಮನೆಯವರ ಜೊತೆ ಮಾತಾಗಿದೆ ಎಂದು ನಾನು ನಿಶ್ಚಿಂತನಾದೆ. ಮುಂದಿನ ತಪ್ಪು ಮೊಳೆತದ್ದು ಇಲ್ಲಿ.

ನಡೆದದ್ದು

ಹೊಟ್ಟೆ ತುಂಬ ಉಂಡು ಬಂದ ಆಕೆಯ ಎಡಗೈಗೆ ಒಂದು ಗಂಟೆ ಹತ್ತು ನಿಮಿಷದಲ್ಲಿ ಹಚ್ಚೆ ಮುಗಿಯಿತು. ತುಳಸಿ ಕಟ್ಟೆಯ ಬುಡದ ಗೆರೆ ಮಣಿಕಟ್ಟಿನ ಹತ್ತಿರ ಬಂದಾಗ ಮಾತ್ರ ಆಕೆ ಹಲ್ಲು ಕಚ್ಚಿದಳು. ಅಲ್ಲಿ ಚರ್ಮ ತೆಳು, ನೋವು ಹೆಚ್ಚು. ಪಾರದರ್ಶಕ ಪೊರೆ ಅಂಟಿಸಿ, ಮರುದಿನ ಅದನ್ನು ತೆಗೆದು ಸೌಮ್ಯವಾದ ಸೋಪಿನಿಂದ ದಿನಕ್ಕೆ ಎರಡು ಮೂರು ಸಲ ತೊಳೆದು, ಒತ್ತಿ ಒರೆಸಿ, ಮುಲಾಮನ್ನು ತೆಳ್ಳಗೆ ಹಚ್ಚಬೇಕೆಂದು ಹೇಳಿದೆ. ಎರಡರಿಂದ ಮೂರು ವಾರ ಕೆರೆ ಹೊಳೆಯ ಸ್ನಾನ ಬೇಡ, ಬಿಸಿಲು ಬೇಡ, ಹಕ್ಕಳೆ ಕೀಳಬಾರದು, ಬೆವರುವ ಓಟ ಹತ್ತು ದಿನ ಬೇಡ. ತಾನು ಓದಿದ ಕಾಲೇಜಿನ ರಕ್ತದಾನ ಶಿಬಿರಕ್ಕೆ ಹೆಸರು ಕೊಟ್ಟಿರುವುದಾಗಿ ಆಕೆ ಹೇಳಿದಾಗ ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ರಕ್ತ ಕೊಡುವಂತಿಲ್ಲ ಎಂಬುದನ್ನೂ ತಿಳಿಸಿದೆ. ಇದು ಮೊದಲೇ ಹೇಳಬೇಕಾದ ಮಾತಾಗಿತ್ತು. ಈ ಸೂಚನೆಗಳ ಮುದ್ರಿತ ಹಾಳೆಯನ್ನು ಕೈಗಿತ್ತೆ. ಹಾಳೆ ಇಂಗ್ಲಿಷಿನಲ್ಲಿತ್ತು.

ಓಟ ಹೇಗೂ ಇಲ್ಲವೆಂದು ಆಕೆ ಊರಿಗೆ ಹೋದಳು. ನಾಲ್ಕನೆಯ ದಿನ ಸಂಜೆ ಫೋಟೊ ಬಂತು. ಗೆರೆಗಳ ಸುತ್ತ ಕೆಂಪು, ಮೇಲೆಲ್ಲ ಹಳದಿ ಪದರ. ಕೀವೋ ಬೇರೆಯೋ ಎಂದು ತಿಳಿಯದೆ ಕರೆ ಮಾಡಿದೆ. ಮೊದಲ ಎರಡು ದಿನ ಆಕೆ ಹೇಳಿದಂತೆಯೇ ತೊಳೆದಿದ್ದಳು. ಮೂರನೆಯ ದಿನ ತುರಿಕೆ ಶುರುವಾದಾಗ ಅಜ್ಜಿ ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ದಪ್ಪಗೆ ಮೆತ್ತಿ, ಹಳೆಯ ಸೀರೆಯ ತುಂಡಿನಿಂದ ಕಟ್ಟಿದ್ದರು. ಫೋನು ತೆಗೆದುಕೊಂಡ ಅಜ್ಜಿ, ‘ನಮ್ ಕಾಲದಾಗೆ ಅರಿಶಿಣ ಹಚ್ಚಿ ಬಿಡ್ತಿದ್ರಪ್ಪಾ, ಯಾವ ಮುಲಾಮಿತ್ತು?’ ಎಂದರು. ಅವರ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಅವರಿಗೆ ಅದು ಬೇಡವೆಂದು, ಏಕೆ ಬೇಡವೆಂದು ಯಾರೂ ಹೇಳಿರಲಿಲ್ಲ. ಹಸಿ ಹಚ್ಚೆ ಎಂದರೆ ಸಾವಿರಾರು ಸಣ್ಣ ತೂತುಗಳಿರುವ ತೆರೆದ ಗಾಯ. ಅಡುಗೆಮನೆಯ ಅರಿಶಿನ ಪುಡಿ ಕ್ರಿಮಿರಹಿತವಲ್ಲ, ದಪ್ಪ ಎಣ್ಣೆ ಗಾಯವನ್ನು ಉಸಿರುಗಟ್ಟಿಸಿ ತೇವ ಹಿಡಿದಿಡುತ್ತದೆ, ಬಿಗಿಯಾದ ಬಟ್ಟೆ ಅದಕ್ಕೆ ಬೆವರು ಕೂಡಿಸುತ್ತದೆ.

ಇಲ್ಲಿ ಇನ್ನೊಂದು ನಿರ್ಧಾರ ಮಾಡಬೇಕಾಯಿತು. ಫೋಟೊ ನೋಡಿ ಯಾವುದಾದರೂ ಮುಲಾಮಿನ ಹೆಸರು ಹೇಳುವ ಆಸೆ ನಮ್ಮ ವೃತ್ತಿಯವರಿಗೆ ಬರುವುದುಂಟು. ಮೊದಲ ಎರಡು ದಿನ ಕೆಂಪಾಗುವುದು, ತೆಳು ನೀರು ಒಸರುವುದು ಸಹಜ. ಆದರೆ ನಾಲ್ಕನೆಯ ದಿನ ಕೆಂಪು ಹೆಚ್ಚುತ್ತ ಹೋಗುವುದು, ಮುಟ್ಟಿದರೆ ಬಿಸಿಯಾಗಿರುವುದು, ನೋವು ಏರುವುದು ಸೋಂಕಿನ ಲಕ್ಷಣ. ಜ್ವರವಿದ್ದರೆ ಇನ್ನೂ ತುರ್ತು. ನಾನು ಔಷಧಿ ಹೇಳಲಿಲ್ಲ. ರಾತ್ರಿಯಾಗುವುದರೊಳಗೆ ವೈದ್ಯರಿಗೆ ತೋರಿಸಲೇಬೇಕೆಂದು ತಂದೆಗೆ ತಿಳಿಸಿದೆ. ಜಗಳೂರಿನಲ್ಲಿ ವೈದ್ಯರೊಬ್ಬರು ಗಾಯ ಶುಚಿಗೊಳಿಸಿ ಒಂದು ವಾರದ ಆ್ಯಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟರು. ಮೂರು ದಿನಗಳಲ್ಲಿ ಕೆಂಪು ಇಳಿಯಿತು. ಹಕ್ಕಳೆ ಉದುರಿದ ಮೇಲೆ ನೋಡಿದರೆ ಮೂರು ಚುಕ್ಕೆಗಳೂ ತುಳಸಿ ಕಟ್ಟೆಯ ಒಂದು ಮೂಲೆಯೂ ಮಸುಕಾಗಿದ್ದವು. ಸಹಿಗೆ ಏನೂ ಆಗಿರಲಿಲ್ಲ.

ಚರ್ಮ ಮೇಲೆ ಮಾಯ್ದಂತೆ ಕಂಡರೂ ಒಳಗೆ ಪೂರ್ತಿ ಕೂಡಿಕೊಳ್ಳಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಆದ್ದರಿಂದ ಮರುತಿದ್ದುವ ಕೆಲಸವನ್ನು ಅವಸರಪಡದೆ ಹತ್ತು ವಾರಗಳ ಬಳಿಕ ಇಟ್ಟುಕೊಂಡೆವು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಪ್ರಕರಣದಿಂದ ಬದಲಾದದ್ದು

ಈಗ ನಮ್ಮ ಒಪ್ಪಿಗೆ ಪತ್ರದ ಮೊದಲ ಪ್ರಶ್ನೆ ‘ಯಾವ ಕೆಲಸಕ್ಕೆ, ಯಾವ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದೀರಿ?’ ಎಂಬುದು. ಸೇನೆ ಅಥವಾ ಪೊಲೀಸ್ ಪಡೆ ಎಂದು ಬರೆದವರಿಗೆ ಆ ವರ್ಷದ ಅಧಿಸೂಚನೆಯ ಪ್ರತಿ ತರದ ಹೊರತು ದಿನ ಕೊಡುವುದಿಲ್ಲ, ಏಕೆಂದರೆ ಒಂದು ಪಡೆಯ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಇದರಿಂದ ಕೆಲವು ಗಿರಾಕಿಗಳು ಬೇಸರಗೊಂಡು ಬೇರೆಡೆ ಹೋಗಿದ್ದಾರೆ. ಹೋಗಲಿ ಎಂದು ನಾನು ಭಾವಿಸಿದ್ದೇನೆ. ನವಿರು ತೆಗೆದು ಸ್ಟೆನ್ಸಿಲ್ ಅಂಟಿಸುವ ಮೊದಲೇ ಈ ಮಾತುಕತೆ ಮುಗಿದಿರಬೇಕೆಂಬ ಕಟ್ಟಳೆಯನ್ನೂ ಮಾಡಿಕೊಂಡಿದ್ದೇವೆ. ಕೈಮೇಲೆ ಚಿತ್ರ ಕಂಡ ಮೇಲೆ ಬೇಡವೆನ್ನಲು ಯಾರಿಗೂ ಮನಸ್ಸು ಬರುವುದಿಲ್ಲ.

ಆರೈಕೆಯ ಹಾಳೆಯನ್ನು ದೊಡ್ಡ ಅಕ್ಷರದ ಕನ್ನಡಕ್ಕೆ ತಂದಿದ್ದೇವೆ. ಅದರಲ್ಲಿ ಅರಿಶಿನ, ಹರಳೆಣ್ಣೆ, ಕೊಬ್ಬರಿ ಎಣ್ಣೆ, ವಿಭೂತಿ, ಸುಣ್ಣ ಎಂದು ಮನೆಯಲ್ಲಿ ಸಿಗುವ ವಸ್ತುಗಳ ಹೆಸರನ್ನೇ ಬರೆದು ಬೇಡವೆಂದು ಹೇಳಿದ್ದೇವೆ. ‘ಬೇರೇನೂ ಹಚ್ಚಬೇಡಿ’ ಎಂಬ ಸಾಲು ಸಾಲದು. ಅರಿಶಿನವನ್ನು ಯಾವ ಅಜ್ಜಿಯೂ ‘ಬೇರೇನೋ’ ಎಂದು ಎಣಿಸುವುದಿಲ್ಲ. ಗಾಯವಾದಾಗ ಮನೆಯಲ್ಲಿ ಮದ್ದು ಹಚ್ಚುವವರು ಯಾರೆಂದು ಕೇಳಿ, ಅವರಿಗೇ ಫೋನಿನಲ್ಲಿ ಆ ಹಾಳೆಯನ್ನು ಓದಿ ಹೇಳುತ್ತೇವೆ. ಬಹುಪಾಲು ಸಂದರ್ಭಗಳಲ್ಲಿ ಅವರು ಒಪ್ಪಿಗೆ ಕೊಟ್ಟ ತಂದೆಯಾಗಿರುವುದಿಲ್ಲ.

ಆಕೆಯ ಲಿಖಿತ ಪರೀಕ್ಷೆ ಇನ್ನೂ ಮುಂದಿದೆ, ಬೆಳಗಿನ ಓಟ ಮತ್ತೆ ಶುರುವಾಗಿದೆ. ಮರುತಿದ್ದುವ ದಿನ ಅಜ್ಜಿಯೂ ಜೊತೆಗೆ ಬಂದಿದ್ದರು. ಸೂಜಿಯ ಪೊಟ್ಟಣ ಹರಿಯುವುದನ್ನು ಹತ್ತಿರದಿಂದ ನೋಡಬೇಕೆಂದು ಕುರ್ಚಿಯನ್ನು ಎಳೆದುಕೊಂಡು ಕುಳಿತರು. ಕೆಲಸ ಮುಗಿದ ಮೇಲೆ ತಮ್ಮ ಬಲಗೈಯನ್ನು ಮೊಮ್ಮಗಳ ಎಡಗೈಯ ಪಕ್ಕ ಇಟ್ಟು, ತಮ್ಮ ಸಹಿಯ ಮೇಲೆ ಬೆರಳಾಡಿಸಲು ಹೋಗಿ, ಮುಟ್ಟಬಾರದೆಂದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಕನ್ನಡದ ಹಾಳೆಯನ್ನು ಮೊಮ್ಮಗಳಿಂದ ಎರಡು ಸಲ ಓದಿಸಿಕೊಂಡು, ನಾಲ್ಕು ಮಡಿಕೆ ಮಾಡಿ, ಚೀಲದಲ್ಲಿದ್ದ ಸಂಘದ ಪುಸ್ತಕದೊಳಗೆ ಇಟ್ಟುಕೊಂಡರು.